ಹೊಸ ವಿಂಡೋಸ್ ಬಂತು, ಫಾಕ್ಸ್‌ಪ್ರೊ ಹೋಯಿತು

ಮಂಗಳೂರಿನ ಬಂದರಿನಲ್ಲಿ ಒಂದು ಅಡಿಕೆ ಅಂಗಡಿ. ಅಲ್ಲಿನ ಲೆಕ್ಕದ ಪ್ರೋಗ್ರಾಂ ನಾನು ಬರೆದದ್ದು, ವಿಂಡೋಸ್‌ಗೂ ಹಿಂದಿನ ಡಾಸ್‌ನಲ್ಲಿ ಓಡುವ, ದಾಖಲೆ ಇಡುವ ಪ್ರೋಗ್ರಾಂ ಬರೆಯಲು ಬಳಸುವ ಫಾಕ್ಸ್‌ಪ್ರೊ 2.6ರಲ್ಲಿ. ಬೆಳೆಗಾರರ ಖಾತೆ, ಕೊಟ್ಟ ಮುಂಗಡ, ಹೊಸತು, ಸಿಂಗಲ್ ಚೋಲ್, ಡಬಲ್ ಚೋಲ್, ಪಟೋರ, ಕರಿಗೋಟು ಅಂತ ಅಡಿಕೆಯ ಒಂದೊಂದು ಬಗೆಗೂ ಬೇರೆ ದರ, ಎಲ್ಲ ಅದರಲ್ಲೇ ಉಂಟು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಅಂಗಡಿಯವರು ವಿಂಡೋಸ್ 11 ಇರುವ ಹೊಸ ಕಂಪ್ಯೂಟರ್ ತಂದರು. ಪ್ರೋಗ್ರಾಂ ಅದರಲ್ಲಿ ತೆರೆಯಲೇ ಇಲ್ಲ.

"ಬಿಲ್ಲು ಒಂದು ಬಂದ್ರೆ ಸಾಕು ಮಾರಾಯ್ರೆ, ಉಳಿದದ್ದು ಮತ್ತೆ ನೋಡುವ" ಅಂದರು ಧಣಿಗಳು.

ನನಗೆ ಅಷ್ಟು ಸಾಲದು ಅನಿಸಿತು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂದಾಗ ಬಿಲ್ಲಿನ ಭಾಗವನ್ನು ಪೂರ್ತಿ ತಿದ್ದಿದ್ದೆ. ನಾಳೆ ತೆರಿಗೆಯ ದರ ಬದಲಾದರೆ ಮತ್ತೆ ತಿದ್ದಬೇಕು. ಓಡುವ ಇಎಕ್ಸ್‌ಇ (ಪ್ರೋಗ್ರಾಂನ ಸಿದ್ಧ ಫೈಲು) ಮಾತ್ರ ಉಳಿದರೆ ಇವತ್ತಿನ ಬಿಲ್ಲು ಬರುತ್ತದೆ, ಅಷ್ಟೇ. ಅದನ್ನು ಕಟ್ಟುವ ಉಪಕರಣವೂ ಉಳಿಯಬೇಕು.

ಪ್ರೋಗ್ರಾಂ ಹೊಸ ಯಂತ್ರದಲ್ಲಿ ತೆರೆಯದ್ದಕ್ಕೆ ಕಾರಣ ಸರಳ. ಹಳೆ ಯಂತ್ರದಲ್ಲಿದ್ದದ್ದು 32 ಬಿಟ್‌ನ ವಿಂಡೋಸ್ 10. ಅದರಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ಎನ್‌ಟಿವಿಡಿಎಂ ಎಂಬ ಭಾಗವನ್ನು ಬೇಕಾದರೆ ಹಾಕಿಕೊಳ್ಳಬಹುದಿತ್ತು. ವಿಂಡೋಸ್ 11 ಬರುವುದೇ 64 ಬಿಟ್‌ನಲ್ಲಿ, ಅದರಲ್ಲಿ ಈ ಭಾಗ ಇಲ್ಲ. ಪ್ರೊಸೆಸರ್ 64 ಬಿಟ್ ಮೋಡ್‌ನಲ್ಲಿ ಇರುವಾಗ, ಎನ್‌ಟಿವಿಡಿಎಂ ನೆಚ್ಚಿಕೊಂಡಿದ್ದ ವರ್ಚುವಲ್ 8086 ಮೋಡ್ (ಹಳೆ ಡಾಸ್ ಪ್ರೋಗ್ರಾಂಗಳಿಗೆ ಬೇಕಾದ ವ್ಯವಸ್ಥೆ) ಸಿಗುವುದಿಲ್ಲ. ಹಾಗಾಗಿ ಪ್ರಾಪರ್ಟೀಸ್‌ಗೆ ಹೋಗಿ ಕಂಪ್ಯಾಟಿಬಿಲಿಟಿ ಟಿಕ್ ಹಾಕುವುದರಲ್ಲಿ ಸುಮ್ನೆ ಸಮಯ ಹಾಳು.

ಮೊದಲು ಉಪಕರಣಗಳನ್ನು ಒಟ್ಟು ಮಾಡಿದೆ. ನಾವು ಬರೆದ ಕೋಡ್ ಇರುವ ಪಿಆರ್‌ಜಿ ಫೈಲುಗಳು ಇದ್ದರೆ ಆಯಿತು ಅಂತ ಹಲವರು ತಿಳಿದಿದ್ದಾರೆ. ಆದರೆ ಫಾಕ್ಸ್‌ಪ್ರೊ 2.6ರಲ್ಲಿ ಇಎಕ್ಸ್‌ಇ ಮಾಡಲು ಡಿಸ್ಟ್ರಿಬ್ಯೂಷನ್ ಕಿಟ್ ಬೇರೆಯೇ ಬೇಕು. ಚಿಕ್ಕ ಇಎಕ್ಸ್‌ಇ ಆದರೆ ಅದು ಓಡಲು ಪಕ್ಕದಲ್ಲಿ ಫಾಕ್ಸ್‌ಡಿ260 ಇಎಸ್‌ಎಲ್ ಎಂಬ ಫೈಲೂ ಇರಬೇಕು. ನನ್ನ ಫ್ಲಾಪಿಗಳನ್ನು ನಮ್ಮ ಕರಾವಳಿಯ ಮಳೆಗಾಲ ಎಂದೋ ತಿಂದಿತ್ತು, ಎಲ್ಲದಕ್ಕೂ ಬೂಷ್ಟು. ಹಳೆ ಯಂತ್ರದ ಡಿಸ್ಕಿನಲ್ಲಿ ಎಲ್ಲ ಹಾಗೇ ಇತ್ತು. ಅದರ ಪೂರ್ತಿ ಇಮೇಜ್, ಅಂದರೆ ಇದ್ದ ಹಾಗೇ ನಕಲು, ತೆಗೆದುಕೊಂಡ ಮೇಲೆಯೇ ಉಳಿದ ಕೆಲಸಕ್ಕೆ ಕೈ ಹಾಕಿದೆ. ಹಳೆ ಕಂಪ್ಯೂಟರನ್ನು ಗುಜರಿಗೆ ಕೊಡುವ ಮೊದಲು ಯಾರಾದರೂ ಮಾಡಲೇಬೇಕಾದ ಕೆಲಸ ಇದು.

ಆಮೇಲೆ ಕೆಲಸವನ್ನು ಎರಡು ಮಾಡಿದೆ. ತಿದ್ದಿ ಕಟ್ಟುವುದು ನನ್ನ ಮನೆಯಲ್ಲಿ: ಕಂಪ್ಯೂಟರಿನೊಳಗೆ ಇನ್ನೊಂದು ಕಂಪ್ಯೂಟರ್ ಓಡಿಸುವ ವರ್ಚುವಲ್‌ಬಾಕ್ಸ್, ಅದರೊಳಗೆ 32 ಬಿಟ್‌ನ ವಿಂಡೋಸ್ ಎಕ್ಸ್‌ಪಿ, ಅದರೊಳಗೆ ಫಾಕ್ಸ್‌ಪ್ರೊ. ಇಂಟರ್‌ನೆಟ್ ಸಂಪರ್ಕ ಅದಕ್ಕೆ ಕೊಟ್ಟಿಲ್ಲ, ಕೊಡಲೂಬಾರದು. ಅಂಗಡಿಯಲ್ಲಿ ಓಡಿಸಲು ವಿಡಾಸ್‌ಪ್ಲಸ್ ಹಾಕಿದೆ; ಡಾಸ್‌ಬಾಕ್ಸ್‌ನಂತೆ ಇದೂ ಹೊಸ ವಿಂಡೋಸ್‌ನಲ್ಲಿ ಡಾಸ್ ಪ್ರೋಗ್ರಾಂ ಓಡಿಸುವ ತಂತ್ರಾಂಶ. ಡಾಸ್‌ಬಾಕ್ಸ್ ಹೆಚ್ಚಾಗಿ ಆಟಗಳಿಗೆಂದು ಮಾಡಿದ್ದು. ವಿಡಾಸ್‌ಪ್ಲಸ್ ಇಂಥ ಲೆಕ್ಕಪತ್ರದ ಪ್ರೋಗ್ರಾಂಗಳಿಗೆ ಎಂದೇ ಇರುವುದು, ಅದಕ್ಕೆ ನನಗೆ ಅದರ ಮೇಲೆ ಜಾಸ್ತಿ ಭರವಸೆ.

ನಿಜವಾದ ತಲೆನೋವು ಪ್ರಿಂಟಿಂಗ್. ಪ್ರೋಗ್ರಾಂ ನೇರ ಎಲ್‌ಪಿಟಿ1 ಎಂಬ ಹಳೆ ಪ್ರಿಂಟರ್ ಪೋರ್ಟಿಗೆ ಬರೆಯುತ್ತದೆ. ಸಣ್ಣ ಅಕ್ಷರ ಬೇಕಾದಲ್ಲಿ ಸಿಎಚ್‌ಆರ್ 15 ಎಂಬ ಸಂಕೇತ ಕಳಿಸುತ್ತದೆ, ಮುಗಿದಾಗ 18. ಹೊಸ ಕಂಪ್ಯೂಟರಿಗೆ ಆ ಪೋರ್ಟೇ ಇಲ್ಲ. ವಿಂಡೋಸ್ ಡ್ರೈವರ್ ಮೂಲಕ ಕಳಿಸಿದರೆ ಈ ಸಂಕೇತಗಳು ಪ್ರಿಂಟರಿಗೆ ಮುಟ್ಟುವುದೇ ಇಲ್ಲ, ಬಿಲ್ಲಿನ ಸಾಲುಗಳು ಕಾಗದದ ಹೊರಗೆ ಹೋಗುತ್ತವೆ. ಡಾಟ್ ಮ್ಯಾಟ್ರಿಕ್ಸ್ ಪ್ರಿಂಟರ್ ಬಿಡುವ ಹಾಗೂ ಇಲ್ಲ, ಕಾರ್ಬನ್ ಪ್ರತಿ ಬೆಳೆಗಾರರಿಗೆ ಬೇಕು. ಕೊನೆಗೆ ಎಲ್‌ಪಿಟಿ1ಕ್ಕೆ ಹೋಗುವುದನ್ನು ಒಂದು ಫೈಲಿಗೆ ಹಿಡಿದೆ. ಯುಎಸ್‌ಬಿಯಲ್ಲಿ ಜೋಡಿಸಿದ ಪ್ರಿಂಟರನ್ನು ಶೇರ್ ಮಾಡಿ, ಕಾಪಿ ಆಜ್ಞೆಗೆ ಸ್ಲ್ಯಾಶ್ ಬಿ ಸೇರಿಸಿ ಆ ಫೈಲನ್ನು ಅದಕ್ಕೆ ಕಳಿಸಿದೆ. ಆಗ ಒಂದು ಬೈಟೂ ಬದಲಾಗದೆ ಹೋಗುತ್ತದೆ. ಗೆರೆಗೆ ಗೆರೆ ಸರಿಯಾಗಿ ಬಿಲ್ಲು ಬಂದಾಗ ಆದ ಸಂತೋಷ ದೊಡ್ಡದು.

ಹೊಸದಾಗಿ ಬರೆಯುವ ಕೆಲಸವನ್ನೂ ಪೈಥಾನ್‌ನಲ್ಲಿ ಶುರು ಮಾಡಿದ್ದೇನೆ, ನಿಧಾನಕ್ಕೆ. ಫಾಕ್ಸ್‌ಪ್ರೊ ದಾಖಲೆಗಳನ್ನು ಇಡುವ ಡಿಬಿಎಫ್ ಫೈಲು ಓದುವುದು ಕಷ್ಟವಲ್ಲ. ಫಾಕ್ಸ್‌ಪ್ರೊ 2.6ರ ಟೇಬಲ್ಲಿನಲ್ಲಿ ತೂಕ, ದರ ಎಲ್ಲ ಅಕ್ಷರಗಳಾಗಿಯೇ ಕೂತಿರುತ್ತವೆ. ಒಂದು ಮಾತ್ರ ಗಮನಿಸಿ: ಅಳಿಸಿದ ದಾಖಲೆ, ಪ್ಯಾಕ್ ಆಜ್ಞೆ ಕೊಟ್ಟು ಪೂರ್ತಿ ತೆಗೆಯುವ ತನಕ ಫೈಲಿನಲ್ಲೇ ಇರುತ್ತದೆ. ಅದರ ಮೊದಲ ಬೈಟಿನಲ್ಲಿ ನಕ್ಷತ್ರ ಚಿಹ್ನೆ ಇದ್ದರೆ ಬಿಟ್ಟುಬಿಡಬೇಕು, ಇಲ್ಲದಿದ್ದರೆ ಮೊತ್ತ ತಾಳೆಯಾಗದು. ಉದ್ದ ಟಿಪ್ಪಣಿಗಳು ಎಫ್‌ಪಿಟಿ ಎಂಬ ಬೇರೆ ಫೈಲಿನಲ್ಲಿರುತ್ತವೆ, ಅದನ್ನೂ ಜೊತೆಗೆ ತನ್ನಿ.

ವರ್ಚುವಲ್ ಯಂತ್ರದ ಒಂದು ಪ್ರತಿ ನನ್ನಲ್ಲಿದೆ, ಇನ್ನೊಂದು ಅಂಗಡಿಯ ತಿಜೋರಿಯಲ್ಲಿ. ಇಎಕ್ಸ್‌ಇ ಕಟ್ಟುವ ಕ್ರಮವನ್ನು ಕಾಗದದಲ್ಲಿ ಪ್ರಿಂಟ್ ಮಾಡಿ ಆ ಡಿಸ್ಕಿನ ಜೊತೆಗೇ ಇಟ್ಟಿದ್ದೇನೆ. ನಾನು ಊರಲ್ಲಿಲ್ಲದಾಗ ಬೇರೆ ಯಾರಾದರೂ ಬಂದು ತಿದ್ದಬೇಕಾಗಬಹುದು, ಅಲ್ವಾ?