ಕಚೇರಿಗೆ ಆಯುರ್ವೇದ: ಮೊದಲು ಮೀಟಿಂಗ್ ವೇಳಾಪಟ್ಟಿ ತಿದ್ದಿ

ನೌಕರರ ಆರೋಗ್ಯಕ್ಕೆ ಆಯುರ್ವೇದವನ್ನು ಅಳವಡಿಸಲು ಹೊರಟ ಕಚೇರಿಗಳು ಹೆಚ್ಚಾಗಿ ಚ್ಯವನಪ್ರಾಶದ ಡಬ್ಬಿ ಹಂಚಿ, ಒಂದು ಉಪನ್ಯಾಸ ಏರ್ಪಡಿಸಿ ಸುಮ್ಮನಾಗುತ್ತವೆ. ಊಟದ ಹೊತ್ತಿಗೇ ಕರೆಯುವ ಮೀಟಿಂಗ್ ಮಾತ್ರ ಹಾಗೆಯೇ ಉಳಿಯುತ್ತದೆ. ಸುಧಾರಣೆ ಆರಂಭವಾಗಬೇಕಾದದ್ದು ಅಲ್ಲಿಂದ.

ಮೊದಲಿಗೆ, ಯಾರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ, ಎಷ್ಟು ಹೊತ್ತು ಕುರ್ಚಿ ಬಿಟ್ಟು ಏಳುವುದಿಲ್ಲ ಎಂಬುದನ್ನು ಒಂದು ವಾರ ಗಮನಿಸಿ.

ಎರಡನೆಯ ಹೆಜ್ಜೆಯಲ್ಲೇ ಹೆಚ್ಚಿನವರು ಎಡವುತ್ತಾರೆ. ಆಯುರ್ವೇದದ ಪ್ರಾಚೀನ ಗ್ರಂಥ ಚರಕಸಂಹಿತೆಯ ಮೊದಲ ಭಾಗವಾದ ಸೂತ್ರಸ್ಥಾನದ 7ನೇ ಅಧ್ಯಾಯವು ತಡೆಯಬಾರದ 13 ವೇಗಗಳನ್ನು, ಅಂದರೆ ದೇಹದ ಸಹಜ ಒತ್ತಡಗಳನ್ನು, ಹೇಳುತ್ತದೆ. ಮಲ, ಮೂತ್ರ, ಸೀನು, ಆಕಳಿಕೆ, ಹಸಿವು, ಬಾಯಾರಿಕೆ, ಕಣ್ಣೀರು, ನಿದ್ರೆ ಅವುಗಳಲ್ಲಿ ಸೇರಿವೆ. ಮೂತ್ರವನ್ನು ತಡೆದರೆ ಕಿಬ್ಬೊಟ್ಟೆಯ ನೋವು, ಮೂತ್ರಕೃಚ್ಛ್ರ (ಮೂತ್ರ ಮಾಡಲು ಕಷ್ಟವಾಗುವುದು), ತಲೆನೋವು ಬರುತ್ತವೆ ಎಂದೂ ಅಲ್ಲಿದೆ. ಎದ್ದುಹೋಗಲು ಅನುಮತಿ ಕೇಳಬೇಕಾದ ಕಾಲ್ ಸೆಂಟರಿನಲ್ಲಿ ಸಂಜೆಯವರೆಗೂ ಮುಚ್ಚಳ ತೆರೆಯದೆ ಮೇಜಿನ ಮೇಲಿರುವ ನೀರಿನ ಬಾಟಲಿಯನ್ನು ನೋಡಿದರೆ ಈ ಮಾತು ಅರ್ಥವಾಗುತ್ತದೆ. ಎದ್ದುಹೋಗುವುದನ್ನು ತಪ್ಪಿಸಲು ಅಲ್ಲಿನ ಹೆಣ್ಣುಮಕ್ಕಳು ನೀರು ಕುಡಿಯುವುದನ್ನೇ ಬಿಟ್ಟಿರುತ್ತಾರೆ. ಆದ್ದರಿಂದ ಒಂದು ಗಂಟೆಯ ಮೀಟಿಂಗನ್ನು 50 ನಿಮಿಷಕ್ಕೆ ಮುಗಿಸಿ, ಒಂದರ ಬೆನ್ನಿಗೆ ಇನ್ನೊಂದನ್ನು ಇಡಬೇಡಿ. ಕರೆ ಸ್ವೀಕರಿಸುವವರ ಜಾಗಕ್ಕೆ ಬದಲಿ ಒಬ್ಬರನ್ನು ನೇಮಿಸಿ, ಶೌಚಕ್ಕೆ ಹೋದ ನಿಮಿಷಗಳನ್ನು ಲೆಕ್ಕ ಹಾಕುವುದನ್ನು ನಿಲ್ಲಿಸಿ. ಅದೇ ಅಧ್ಯಾಯವು ತಡೆಯಲೇಬೇಕಾದ ಮನಸ್ಸು, ಮಾತಿನ ವೇಗಗಳನ್ನೂ ಹೆಸರಿಸುತ್ತದೆ: ಲೋಭ, ಕ್ರೋಧ, ಈರ್ಷ್ಯೆ, ಕಠೋರವಾದ ಮಾತು, ಚಾಡಿ, ಹೊತ್ತಲ್ಲದ ಹೊತ್ತಿನ ಮಾತು. ತಂಡದ ಮುಖ್ಯಸ್ಥರಿಗೆ ತರಬೇತಿ ಕೊಡುವುದಾದರೆ ಈ ಭಾಗದಿಂದಲೇ ಕೊಡಿ.

ಮೂರನೆಯದು ಊಟ. ಆಯುರ್ವೇದದ ಪ್ರಕಾರ ಮಧ್ಯಾಹ್ನ ಪಿತ್ತದ, ಅಂದರೆ ಜೀರ್ಣಶಕ್ತಿ ಹೆಚ್ಚಿರುವ, ಕಾಲವಾದ್ದರಿಂದ ದಿನದ ದೊಡ್ಡ ಊಟ ಆಗಲೇ ಆಗಬೇಕು. ಹನ್ನೆರಡೂವರೆಯಿಂದ ಒಂದೂವರೆಯವರೆಗೆ ಇಡೀ ಕಚೇರಿಯ ಕ್ಯಾಲೆಂಡರಿನಲ್ಲಿ ಮೀಟಿಂಗ್ ಹಾಕಲು ಬಾರದಂತೆ ಮಾಡಿ. ‘ಸಾಧ್ಯವಾದರೆ’ ಎಂಬ ವಿನಾಯಿತಿ ಇಟ್ಟರೆ ನಿಯಮ ಒಂದು ತಿಂಗಳೂ ಬಾಳುವುದಿಲ್ಲ. ಹೊಟ್ಟೆಯ ನಾಲ್ಕು ಪಾಲಿನಲ್ಲಿ ಎರಡು ಗಟ್ಟಿ ಆಹಾರಕ್ಕೆ, ಒಂದು ದ್ರವಕ್ಕೆ, ಒಂದು ಖಾಲಿ ಎಂದು ಪ್ರಾಚೀನ ವೈದ್ಯ ವಾಗ್ಭಟನು ತನ್ನ ಅಷ್ಟಾಂಗಹೃದಯ ಗ್ರಂಥದಲ್ಲಿ ಹೇಳಿದ್ದಾನೆ. ಕ್ಯಾಂಟೀನಿನಲ್ಲಿ ತಂಪು ಪಾನೀಯದ ಬದಲು ಮಜ್ಜಿಗೆ ಇಡಿಸಿ. ಮೊಸರಿಗೆ ನೀರು ಬೆರೆಸಿ ಕಲಕಿದ್ದು ಮಜ್ಜಿಗೆಯಲ್ಲ. ಕಡೆದು ಬೆಣ್ಣೆ ತೆಗೆದು, ಜೀರಿಗೆ, ಇಂಗು, ಉಪ್ಪು ಹಾಕಿದ್ದೇ ಆಗಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆನ್‌ಲೈನ್ ಪ್ರಶ್ನಾವಳಿಯಿಂದ ಪ್ರಕೃತಿ (ವಾತ, ಪಿತ್ತ, ಕಫದ ಲೆಕ್ಕದಲ್ಲಿ ದೇಹದ ಸ್ವಭಾವ) ನಿರ್ಣಯಿಸಿ ಎಲ್ಲರಿಗೂ ಅಶ್ವಗಂಧದ ಮಾತ್ರೆ ಹಂಚುವ ಪ್ಯಾಕೇಜುಗಳನ್ನು ಖಂಡಿತ ಕೊಳ್ಳಬೇಡಿ. ಗರ್ಭಿಣಿಯರಿಗೆ, ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆ ಇರುವವರಿಗೆ ಅದು ಹಾನಿ ಮಾಡಬಹುದು. ಔಷಧ ಕೊಡುವುದು ವೈದ್ಯರ ಕೆಲಸ, ಕಚೇರಿಯದಲ್ಲ.

ಎಸಿಯನ್ನು 24 ಡಿಗ್ರಿಗಿಂತ ಕೆಳಗೆ ಇಳಿಸಬೇಡಿ.

ಕೊನೆಯದು ರಾತ್ರಿ ಪಾಳಿ. ಅಪರೂಪಕ್ಕೆ ನಿದ್ದೆಗೆಟ್ಟವರು ಎಚ್ಚರವಿದ್ದ ಅರ್ಧದಷ್ಟು ಹೊತ್ತು, ಮರುದಿನ ಬೆಳಿಗ್ಗೆ ಊಟಕ್ಕೆ ಮೊದಲೇ ಮಲಗಬೇಕೆಂಬುದು ವಾಗ್ಭಟನ ಸೂಚನೆ. ನಿತ್ಯ ಪಾಳಿಯವರಿಗೆ ಪೂರ್ತಿ ನಿದ್ದೆಯೇ ಬೇಕು. ಅಮೆರಿಕದ ವೇಳೆಗೆ ದುಡಿಯುವ ಬೆಂಗಳೂರಿನ ತಂಡಗಳಿಗೆ ಮರುದಿನ ಬೆಳಗಿನ ಹತ್ತು ಗಂಟೆಗೆ ಕರೆ ಇಡುವ ಪದ್ಧತಿಯನ್ನು ನಿಲ್ಲಿಸಿ, ಆ ಕರೆಯನ್ನು ಸಂಜೆ ಅವರು ಕೆಲಸಕ್ಕೆ ಬಂದ ಮೇಲಿನ ಹೊತ್ತಿಗೆ ವರ್ಗಾಯಿಸಿ.