ಕ್ವಿಜ್ ಆಡೂಮುಂದ ಜಗಳ ಬ್ಯಾಡಂದ್ರ ಪ್ರಶ್ನಿ ಹಿಂಗ ಕೇಳ್ರಿ

ಭಾನುವಾರ ಸಂಜಿಮುಂದ ನಾವು ಐದಾರು ಗೆಳೆಯರು ಕಲಬುರಗಿ ಅಪ್ಪನ ಕೆರಿ ಕಡಿ ಕೂತು ಕ್ವಿಜ್ ಆಡ್ತೀವಿ. ಸೋತವ್ರು ಸುಸಲಾ-ಮಿರ್ಚಿ ಕೊಡಿಸಬೇಕು.

ಹೋದ ವಾರ ನಾನು 'ಬಹಮನಿ ರಾಜಧಾನಿ ಯಾವುದು?' ಅಂದೆ. ಒಬ್ಬಾಂವ ಕಲಬುರಗಿ ಅಂದ, ಬೀದರದಾಂವ ಬೀದರ ಅಂದ. ಇಬ್ರದೂ ಖರೇನ! ಅರ್ಧ ತಾಸು ವಾದ ನಡೀತು, ಮಿರ್ಚಿ ತಣ್ಣಗಾಗಿ ಮೆತ್ತಗಾದ್ವು. ತಪ್ಪು ನಂದ. 'ಅಹಮದ್ ಷಾ ಕಲಬುರಗಿಯಿಂದ ರಾಜಧಾನಿ ಎಲ್ಲಿಗೆ ಒಯ್ದ?' ಅಂತ ಕೇಳಿದ್ರ ಮುಗೀತಿತ್ತು.

ಸಿನಿಮಾದಾಗೂ ಹಂಗ. 'ರಾಜಕುಮಾರ್ ಮೊದಲ ಪಿಕ್ಚರ್ ಯಾವುದು?' ಅಂತ ಕೇಳಬ್ಯಾಡ್ರಿ, ಅವರು ಮೊದಲೂ ಸಣ್ಣ ಪಾತ್ರ ಮಾಡಿದ್ರು. 'ನಾಯಕನಾಗಿ' ಅಂತ ಸೇರಿಸ್ರಿ. ಆಗ ಉತ್ತರ ಒಂದ: 'ಬೇಡರ ಕಣ್ಣಪ್ಪ', 1954. ಪ್ರಶ್ನಿ ಬರಕೊಂಡ ಮ್ಯಾಲ ಇದಕ್ಕ ಎರಡನೇ ಉತ್ತರ ಐತೇನು ಅಂತ ನೀವೇ ಒಮ್ಮೆ ಹುಡುಕ್ರಿ.

ಮೊಬೈಲ್ ಎಲ್ಲಾ ಒಂದು ಚೀಲದಾಗ ಹಾಕ್ರಿ. ಉತ್ತರ ಚೀಟಿಮ್ಯಾಲ ಬರಸ್ರಿ, ಬಾಯಿಲೆ ಬ್ಯಾಡ. ನಮ್ಮ ಗುಂಪಿನಾಗ ಒಬ್ಬ ಅದಾನ, ಗೊತ್ತಿಲ್ಲಂದ್ರೂ ಎಲ್ಲಾರಕಿಂತ ಮೊದಲ ಒದರತಾನ!