ಕ್ಲಬ್‌ನ ವರ್ಷದ ಪಟ್ಟಿ ಬರೆಯುವ ಮುಂಚೆ ಬಿಸಿಲು ನೋಡಿ, ತೊಗರಿ ನೋಡಿ

ಜುಲೈ ಮೊದಲ ವಾರ. ಹೊಸ ಅಧ್ಯಕ್ಷರ ಪದಗ್ರಹಣ. ಹಾರ, ಶಾಲು, ಊಟಕ್ಕೆ ಹೋಳಿಗೆ. ಊಟಕ್ಕೆ ಮುಂಚೆ ಕಾರ್ಯದರ್ಶಿ ಎದ್ದು ವರ್ಷದ ಕಾರ್ಯಕ್ರಮಗಳ ಪಟ್ಟಿ ಓದುತ್ತಾರೆ. ಕಲಬುರಗಿಯ ಒಂದು ಸೇವಾ ಕ್ಲಬ್‌ನಲ್ಲಿ ಆ ಪಟ್ಟಿ ಓದಿದ ಕಾರ್ಯದರ್ಶಿ ಒಂದು ವರ್ಷ ನಾನೇ ಆಗಿದ್ದೆ. 26 ಕಾರ್ಯಕ್ರಮ ಓದಿದ್ದೆ, ಚಪ್ಪಾಳೆ ಜೋರಾಗಿಯೇ ಬಿದ್ದಿತ್ತು. ಮುಂದಿನ ಜೂನ್‌ನಲ್ಲಿ ಕೂತು ಎಣಿಸಿದರೆ ನಡೆದದ್ದು 9. ಅದರಲ್ಲಿ 5 ಸನ್ಮಾನ ಸಮಾರಂಭ.

ಆಮೇಲೆ ಎರಡು ಮೂರು ವರ್ಷ ತಪ್ಪು ಮಾಡಿ ಮಾಡಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ದೊಡ್ಡ ಕ್ಲಬ್ ಆಗಲಿ, ಓಣಿಯ ಯುವಕ ಸಂಘ ಆಗಲಿ, ಕೆಲಸದ ದಾರಿ ಒಂದೇ.

ಮೊದಲು ಗಂಟೆ ಎಣಿಸಿ

ಎಲ್ಲರೂ ಕಾರ್ಯಕ್ರಮದಿಂದ ಶುರು ಮಾಡುತ್ತಾರೆ. ನೀವು ಜನರಿಂದ ಶುರು ಮಾಡಿ. ಹಾಜರಿ ಪುಸ್ತಕ ತೆಗೆಯಿರಿ. ಕಳೆದ ವರ್ಷ ಊಟ ಇಲ್ಲದ ಕಾರ್ಯಕ್ರಮಕ್ಕೆ ಯಾರು ಯಾರು ಬಂದಿದ್ದರು ಅಂತ ಗುರುತು ಹಾಕಿ. 40 ಸದಸ್ಯರ ಕ್ಲಬ್‌ನಲ್ಲಿ ನಮಗೆ ಸಿಕ್ಕಿದ್ದು 12 ಹೆಸರು. ಬೇಜಾರು ಬೇಡ. ಉಳಿದವರು ದುಡ್ಡು ಕೊಡುತ್ತಾರೆ, ಗಾಡಿ ಕೊಡುತ್ತಾರೆ, ಫೋನ್ ಮಾಡಿ ಕೆಲಸ ಮಾಡಿಸಿಕೊಡುತ್ತಾರೆ. ಅದೂ ಬೇಕು. ಆದರೆ ಮೈ ಮುರಿದು ನಿಲ್ಲುವವರು 12 ಜನ.

ಒಬ್ಬೊಬ್ಬರು ತಿಂಗಳಿಗೆ 4 ಗಂಟೆ ಕೊಡಬಹುದು ಅನ್ನಿ. ಮದುವೆ, ಹಬ್ಬ ಅಂತ ಎರಡು ತಿಂಗಳು ಬಿಟ್ಟರೆ 10 ತಿಂಗಳು. ಒಟ್ಟು 480 ಗಂಟೆ. ಇಷ್ಟೇ ನಮ್ಮ ಇಡೀ ವರ್ಷದ ಬಂಡವಾಳ.

ಹೋಲಿಸಿ ನೋಡಿ. ಎನ್‌ಎಸ್‌ಎಸ್‌ಗೆ (ರಾಷ್ಟ್ರೀಯ ಸೇವಾ ಯೋಜನೆಗೆ) ಸೇರಿದ ಒಬ್ಬ ಕಾಲೇಜು ಹುಡುಗ ವರ್ಷಕ್ಕೆ 120 ಗಂಟೆ ಸೇವೆ ಮಾಡಬೇಕು, ನಿಯಮವೇ ಹಾಗಿದೆ. ಅಂದರೆ ಕೋಟು ಹಾಕಿಕೊಂಡು ಕೂತ ನಮ್ಮ ಇಡೀ ಕ್ಲಬ್ ನಾಲ್ಕು ಹುಡುಗರಿಗೆ ಸಮ! ಈ ಲೆಕ್ಕ ಸಭೆಯಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಹಿರಿಯರೊಬ್ಬರು, ‘ಹಂಗಾದ್ರ ಆ ಹುಡುಗ್ರನ್ನೇ ಕರೀರಿ’ ಅಂದರು. ನಿಜ. ಹತ್ತಿರದ ಕಾಲೇಜಿನ ಎನ್‌ಎಸ್‌ಎಸ್ ಅಧಿಕಾರಿಯನ್ನು ಜುಲೈನಲ್ಲೇ ಭೇಟಿ ಮಾಡಿ. ಅವರಿಗೆ ಗಂಟೆ ತುಂಬಿಸಬೇಕು, ನಿಮಗೆ ಕೈ ಬೇಕು.

ಒಂದು ಶಿಬಿರಕ್ಕೆ ತಯಾರಿ, ಆ ದಿನದ ಕೆಲಸ, ಮುಗಿದ ಮೇಲಿನ ಓಡಾಟ ಸೇರಿ 80 ಗಂಟೆ ಸುಮ್ನೆ ಹೋಗುತ್ತದೆ. ಹಾಗಾಗಿ ವರ್ಷಕ್ಕೆ ನಾಲ್ಕೈದು ಕೆಲಸ. ಅದಕ್ಕಿಂತ ಜಾಸ್ತಿ ಬರೆಯಬೇಡಿ.

ಆಮೇಲೆ ಗೋಡೆಯ ಕ್ಯಾಲೆಂಡರ್

ರೋಟರಿ, ಲಯನ್ಸ್ ಎರಡಕ್ಕೂ ವರ್ಷ ಅಂದರೆ ಜುಲೈ 1ರಿಂದ ಜೂನ್ 30. ಇದು ಎಲ್ಲೋ ಅಮೆರಿಕದಲ್ಲಿ ಕೂತು ಮಾಡಿದ ಲೆಕ್ಕ. ಆದರೂ ನಮ್ಮ ಊರಿಗೆ ಚೆನ್ನಾಗಿ ಹೊಂದುತ್ತದೆ. ಬಿತ್ತನೆಯ ಹೊತ್ತಿಗೆ ವರ್ಷ ಶುರು, ಕಡು ಬಿಸಿಲು ಇಳಿದು ಮಿರಗದ (ಮೃಗಶಿರಾ) ಮಳೆ ಬರುವಾಗ ಮುಕ್ತಾಯ. ಮೇಲಿನ ಕಚೇರಿಯಿಂದ ತಿಂಗಳಿಗೊಂದು ವಿಷಯ ಬರುತ್ತದಲ್ಲ, ಅದು ಇರಲಿ. ನೀವು ಮೊದಲು ಕೆಂಪು ಪೆನ್ನು ಹಿಡಿದು ಕೆಲಸ ಆಗದ ದಿನಗಳನ್ನು ಹೊಡೆದು ಹಾಕಿ.

ಎಳ್ಳ ಅಮಾವಾಸ್ಯೆ. ಅವತ್ತು ಅರ್ಧ ಊರು ಹೊಲದಲ್ಲಿ ಇರುತ್ತದೆ. ಬೆಳೆಗೆ ನೈವೇದ್ಯದ ಚರಗ ಚೆಲ್ಲಿ, ಸಜ್ಜೆ ರೊಟ್ಟಿ, ಭಜ್ಜಿ ಉಂಡು ಬರುವ ದಿನ ಯಾವ ಶಿಬಿರಕ್ಕೂ ಜನ ಬರುವುದಿಲ್ಲ. ನಿಮ್ಮ ಸದಸ್ಯರೂ ಬರುವುದಿಲ್ಲ. ಸೆಪ್ಟೆಂಬರ್ 17, ಕಲ್ಯಾಣ ಕರ್ನಾಟಕ ಉತ್ಸವ. ಆ ವಾರ ಅಧಿಕಾರಿಗಳು ಸಿಗುವುದಿಲ್ಲ. ಹೋಳಿ ಆದ ಮೇಲೆ ಶರಣಬಸವೇಶ್ವರ ಜಾತ್ರೆ. ಬಂದೇನವಾಜ್ ಉರುಸು ಮತ್ತು ರಂಜಾನ್ ಚಂದ್ರನ ಲೆಕ್ಕದ್ದು, ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದೆ ಬರುತ್ತವೆ. ಹೋದ ವರ್ಷದ ತಾರೀಖು ನೋಡಿಕೊಂಡು ಕೂರಬೇಡಿ. ರಂಜಾನ್ ಉಪವಾಸದಲ್ಲಿ, ಶ್ರಾವಣ ಸೋಮವಾರಗಳಲ್ಲಿ ರಕ್ತದಾನ ಇಟ್ಟರೆ ಹಸಿದ ಹೊಟ್ಟೆಯವರನ್ನು ವಾಪಸ್ ಕಳಿಸಬೇಕಾಗುತ್ತದೆ.

ಇನ್ನೊಂದು ಮಾತು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರ್ಕಾರಿ ಕಚೇರಿ ಬೆಳಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ. ಅನುಮತಿ ಪತ್ರ ಹಿಡಿದುಕೊಂಡು ಊಟ ಮುಗಿಸಿ ಹೋದರೆ ಖಾಲಿ ಕುರ್ಚಿ ಸಿಗುತ್ತದೆ. ಬೇಸಿಗೆಯ ಕೆಲಸಕ್ಕೆ ಪತ್ರಗಳನ್ನು ಮಾರ್ಚ್ ಒಳಗೆ ಮಾಡಿಸಿಟ್ಟುಕೊಳ್ಳಿ.

ರಕ್ತದಾನ: ಎಲ್ಲರೂ ಮಾಡುವ ದಿನ ನೀವು ಮಾಡಬೇಡಿ

ಆಗಸ್ಟ್ 15, ಜನವರಿ 26, ನಾಯಕರ ಹುಟ್ಟುಹಬ್ಬ. ಒಂದೇ ದಿನ ಊರೆಲ್ಲ ಶಿಬಿರ. ರಕ್ತ ಇಟ್ಟಷ್ಟು ದಿನ ಇರುವ ವಸ್ತು ಅಲ್ಲ. ಕೂಡಿಡುವ ಚೀಲದ ದ್ರಾವಣ ನೋಡಿಕೊಂಡು ಕೆಂಪು ಕಣದ ಆಯುಷ್ಯ 35 ಅಥವಾ 42 ದಿನ. ಪ್ಲೇಟ್‌ಲೆಟ್ ಅಂತೂ 5 ದಿನ. ಜನವರಿಯಲ್ಲಿ ಫ್ರಿಜ್ ತುಂಬಿದರೆ ಏಪ್ರಿಲ್‌ನಲ್ಲಿ ಹೆರಿಗೆಗೆ ಬಂದ ಹೆಣ್ಣುಮಗಳಿಗೆ ಏನು ಉಪಯೋಗ?

ಬೇಸಿಗೆಯಲ್ಲಿ ಕಾಲೇಜುಗಳಿಗೆ ರಜೆ. ದಾನಿಗಳೆಲ್ಲ ಊರಿಗೆ ಹೋಗಿರುತ್ತಾರೆ. ಬಿಸಿಲಿಗೆ ಹೆದರಿ ಯಾರೂ ಶಿಬಿರ ಇಡುವುದಿಲ್ಲ. ರಕ್ತಕೇಂದ್ರದವರು ಫೋನ್ ಮಾಡಿ ಕೇಳಿಕೊಳ್ಳುವ ಕಾಲ ಅದು. ಗಂಡಸರು ಒಮ್ಮೆ ಕೊಟ್ಟರೆ 90 ದಿನ, ಹೆಂಗಸರು 120 ದಿನ ಮತ್ತೆ ಕೊಡುವ ಹಾಗಿಲ್ಲ. ಜನವರಿ 26ಕ್ಕೆ ಕೊಟ್ಟ ಹುಡುಗನ ಸರದಿ ಮತ್ತೆ ಬರುವುದು ಏಪ್ರಿಲ್ ಕೊನೆಗೆ. ಅಂದರೆ ಬೇಸಿಗೆಯ ದಾನಿಯನ್ನು ನಾವು ಜನವರಿಯಲ್ಲೇ ಖರ್ಚು ಮಾಡಿರುತ್ತೇವೆ. ನಮ್ಮ ಕ್ಲಬ್ ಜನವರಿ ಶಿಬಿರ ಬಿಟ್ಟು ಏಪ್ರಿಲ್ ಮಧ್ಯದಲ್ಲಿ ಒಂದು, ಮೇ ಮೂರನೇ ವಾರದಲ್ಲಿ ಒಂದು ಅಂತ ಇಟ್ಟಿತು. ಪತ್ರಿಕೆಯಲ್ಲಿ ಫೋಟೊ ಬರಲಿಲ್ಲ. ರಕ್ತ ಮಾತ್ರ ಬಂತು.

ಮಾಡುವ ಬಗೆ ಹೀಗೆ. ಲೈಸೆನ್ಸ್ ಇರುವ ರಕ್ತಕೇಂದ್ರಕ್ಕೆ ಎರಡು ತಿಂಗಳು ಮುಂಚೆ ಪತ್ರ ಕೊಡಿ. ಎಷ್ಟು ಯೂನಿಟ್ ಬೇಕು ಅಂತ ಅವರನ್ನೇ ಕೇಳಿ. ನೂರು ದಾಟಿಸಬೇಕು ಅನ್ನುವ ಹಠ ನಿಮಗೆ ಬೇಡ. ಬೆಳಗ್ಗೆ 7ಕ್ಕೆ ಶುರು, 10.30ಕ್ಕೆ ಬಂದ್. ಗಾಳಿ ಆಡುವ, ತಂಪಾದ ಹಾಲ್ ಇರಲಿ, ಶಾಮಿಯಾನ ಬೇಡ. ದಾನಿಗೆ 18ರಿಂದ 65 ವಯಸ್ಸು, ಕನಿಷ್ಠ 45 ಕಿಲೋ ತೂಕ, ಹಿಮೋಗ್ಲೋಬಿನ್ 12.5 ಇರಬೇಕು. ರೊಟ್ಟಿ ತಿಂದೇ ಬರಬೇಕು ಅಂತ ಹಿಂದಿನ ರಾತ್ರಿ ಎಲ್ಲರಿಗೂ ವಾಟ್ಸ್‌ಆ್ಯಪ್ ಮಾಡಿ. ಕೊಟ್ಟಾದ ಮೇಲೆ ಕಾಲು ಗಂಟೆ ಕೂರಿಸಿ, ನೀರು ಕುಡಿಸಿ. ಬಿಸಿಲಲ್ಲಿ ಬೈಕ್ ಏರಿ ಹೊರಟವನು ಸರ್ಕಲ್‌ನಲ್ಲಿ ತಲೆ ಸುತ್ತಿ ಬಿದ್ದರೆ ಮುಂದಿನ ವರ್ಷ ನಿಮ್ಮ ಶಿಬಿರಕ್ಕೆ ಯಾರೂ ಬರುವುದಿಲ್ಲ.

ಹಿಮೋಗ್ಲೋಬಿನ್ ಕಡಿಮೆ ಅಂತ ವಾಪಸ್ ಹೋಗುವವರಲ್ಲಿ ಹೆಣ್ಣುಮಕ್ಕಳೇ ಜಾಸ್ತಿ. ಅವರು ಮುಖ ಸಣ್ಣ ಮಾಡಿಕೊಂಡು ಹೋಗುತ್ತಾರೆ. ಅವರ ಹತ್ತಿರ ಒಬ್ಬ ಮಹಿಳಾ ಸದಸ್ಯೆಯನ್ನು ಕೂರಿಸಿ. ಬಂದ ಅಂಕಿಯನ್ನು ಚೀಟಿಯಲ್ಲಿ ಬರೆದುಕೊಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಕಬ್ಬಿಣಾಂಶದ ಮಾತ್ರೆ ಪುಕ್ಕಟೆ ಸಿಗುತ್ತದೆ ಅಂತ ಹೇಳಿ ಕಳಿಸಿ. ರಕ್ತ ಕೊಟ್ಟವರಿಗಿಂತ ಇವರಿಗೇ ಶಿಬಿರದ ಲಾಭ ಜಾಸ್ತಿ ಅಂತ ನನಗೆ ಎಷ್ಟೋ ಸಲ ಅನಿಸಿದೆ.

ಕಣ್ಣಿನ ತಪಾಸಣೆಗೆ ತೊಗರಿಯನ್ನು ಕೇಳಿ

ಒಮ್ಮೆ ಡಿಸೆಂಬರ್ ಕೊನೆಯಲ್ಲಿ ಒಂದು ಹಳ್ಳಿಯಲ್ಲಿ ಕಣ್ಣಿನ ಶಿಬಿರ ಇಟ್ಟೆವು. ಡಾಕ್ಟರು ಬಂದರು, ಮೈಕು ಬಂತು, ಜನ ಬರಲಿಲ್ಲ. ಮನೆ ಮನೆಗೆ ಹೋದಾಗ ಒಬ್ಬ ಅಜ್ಜಿ ಹೇಳಿದ್ದು ಇನ್ನೂ ನೆನಪಿದೆ: ‘ಯಪ್ಪಾ, ಈಗ ರಾಶಿ ನಡದದರಿ. ಕಣ್ಣು ಆಮ್ಯಾಲ ನೋಡಮು. ತೊಗರಿ ಕಾಯಂಗಿಲ್ಲ.’

ಜೂನ್-ಜುಲೈನಲ್ಲಿ ಬಿತ್ತಿದ ತೊಗರಿ ಡಿಸೆಂಬರ್-ಜನವರಿಗೆ ಕೊಯ್ಲಿಗೆ ಬರುತ್ತದೆ. ಮನೆಯ ಎಲ್ಲ ಕೈಗಳೂ ಹೊಲದಲ್ಲಿ. ಅಜ್ಜಿಯನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವವರು ಯಾರು? ಸಾಲದ್ದಕ್ಕೆ ಕಾಳು ಬಡಿದು ತೂರುವ ರಾಶಿಯ ದೂಳು. ಮೋತಿಬಿಂದು (ಕಣ್ಣಿನ ಪೊರೆ) ಆಪರೇಷನ್ ಆದ ಕಣ್ಣಿಗೆ ನಾಲ್ಕರಿಂದ ಆರು ವಾರ ಹನಿ ಔಷಧ ಹಾಕಬೇಕು, ದೂಳು ತಾಗಬಾರದು. ಹಿಂದಕ್ಕೆ ಎಣಿಸಿಕೊಂಡು ಬನ್ನಿ. ಡಿಸೆಂಬರ್‌ನಲ್ಲಿ ರಾಶಿ ಅಂದರೆ ಅಕ್ಟೋಬರ್‌ನಲ್ಲಿ, ದಸರಾ ಮುಗಿದ ಕೂಡಲೇ ಆಪರೇಷನ್ ಆಗಬೇಕು. ಅದಕ್ಕೆ ಸೆಪ್ಟೆಂಬರ್‌ನಲ್ಲಿ ತಪಾಸಣೆ. ಹೇಗೂ ಆಗಸ್ಟ್ 25ರಿಂದ ಸೆಪ್ಟೆಂಬರ್ 8 ನೇತ್ರದಾನ ಪಾಕ್ಷಿಕ. ಅದರ ಮಾತನ್ನೂ ಅದೇ ಗಾಡಿಯಲ್ಲಿ ಕೂರಿಸಿಕೊಂಡು ಹೋಗಬಹುದು.

ಆಪರೇಷನ್ ಆಸ್ಪತ್ರೆಯ ಥಿಯೇಟರ್‌ನಲ್ಲೇ ಆಗಬೇಕು. ಶಾಲೆಯ ಕೋಣೆಯಲ್ಲಿ ಮಾಡಿಸುತ್ತೇವೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ನಿಮ್ಮ ಕೆಲಸ ಗಾಡಿ. ಹೋಗುವುದಕ್ಕೆ ಒಮ್ಮೆ, ವಾರ ಬಿಟ್ಟು ತೋರಿಸಲು ಒಮ್ಮೆ, ತಿಂಗಳಾದ ಮೇಲೆ ಇನ್ನೊಮ್ಮೆ. ಎಲ್ಲರೂ ಮೊದಲ ಟ್ರಿಪ್‌ಗೆ ಮಾತ್ರ ಡೀಸೆಲ್ ಹಾಕಿಸುತ್ತಾರೆ. ನೀವು ಮೂರಕ್ಕೂ ದುಡ್ಡು ತೆಗೆದಿಡಿ.

ಗಿಡ ನೆಡುವವರಿಗೆ ಒಂದು ಲೆಕ್ಕ

ಜುಲೈ ಮೊದಲ ವಾರ ವನಮಹೋತ್ಸವ. 1950ರಿಂದ ನಡೆದುಬಂದ ಪದ್ಧತಿ. ಪದಗ್ರಹಣದ ಹುರುಪಲ್ಲಿ ನಾವೂ 200 ಗಿಡ ನೆಟ್ಟಿದ್ದೆವು. ಮೇ ತಿಂಗಳಲ್ಲಿ ಎರೆ ಮಣ್ಣು ಬಿರುಕು ಬಿಟ್ಟಾಗ ನೋಡಿದರೆ ಉಳಿದದ್ದು ಬೇಲಿಯ ಕಂಬ, ನಮ್ಮ ಹೆಸರಿನ ಬೋರ್ಡು.

ಈಗ 25 ಮಾತ್ರ. ಬೇವು, ಹೊಂಗೆ. ಬೋರ್‌ವೆಲ್ ಮತ್ತು ಕಾಂಪೌಂಡ್ ಎರಡೂ ಇರುವ ಶಾಲೆಯಲ್ಲಿ. ಒಂದು ಗಿಡಕ್ಕೆ ಒಮ್ಮೆಗೆ 15 ಲೀಟರ್, ವಾರಕ್ಕೆ ಎರಡು ಸಲ. 25 ಗಿಡಕ್ಕೆ ವಾರಕ್ಕೆ 750 ಲೀಟರ್. ಫೆಬ್ರುವರಿಯಿಂದ ಮೇವರೆಗೆ 17 ವಾರ ಹಿಡಿದರೆ 12,750 ಲೀಟರ್. 5,000 ಲೀಟರಿನ ಮೂರು ಟ್ಯಾಂಕರ್ ಕೂಡ ಬೇಕಾಗುವುದಿಲ್ಲ. ಇದೇ ಲೆಕ್ಕ 200 ಗಿಡಕ್ಕೆ ಹಾಕಿ ನೋಡಿ, ನಮಗೆ ಯಾಕೆ ಆಗಲಿಲ್ಲ ಅಂತ ಗೊತ್ತಾಗುತ್ತದೆ. ಶಾಲೆಗೆ ರಜೆ ಬಿದ್ದ ಮೇಲೆ ನೀರು ಹಾಕುವವರು ಯಾರು ಅನ್ನುವುದು ಜುಲೈನಲ್ಲೇ ತೀರ್ಮಾನ ಆಗಲಿ.

ಅರವಟ್ಟಿಗೆ

ಬಿಸಿಲು 42 ಡಿಗ್ರಿ ದಾಟುವ ಊರಿನಲ್ಲಿ ಇದಕ್ಕಿಂತ ಒಳ್ಳೆಯ ಕೆಲಸ ನನಗೆ ಕಾಣುವುದಿಲ್ಲ. ಆದರೆ ಉದ್ಘಾಟನೆ ಆದ ವಾರಕ್ಕೇ ಒಣಗಿ ನಿಲ್ಲುವ ಮಡಕೆಗಳನ್ನೂ ಇದೇ ಊರಿನಲ್ಲಿ ನೋಡಿದ್ದೇನೆ. ಕಾರಣ ಸರಳ. ದಿನಾ ಮಡಕೆ ತೊಳೆದು ನೀರು ತುಂಬುವ ಕೆಲಸ ಸ್ವಯಂಸೇವಕರ ಕೈಲಿ ಆಗುವುದಿಲ್ಲ. ಹತ್ತಿರದ ಓಣಿಯ ಒಬ್ಬರನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಿ. ಇದಕ್ಕೆ ನಮ್ಮಲ್ಲಿ ವಿರೋಧ ಬಂತು: ‘ಸೇವೆ ಅಂದ್ಮ್ಯಾಲ ಪಗಾರ ಯಾಕ್ರೀ?’ ಆ ಸದಸ್ಯರಿಗೇ ಎರಡು ದಿನ ಮಡಕೆ ತೊಳೆಯಲು ಹೇಳಿದೆವು. ಮೂರನೇ ದಿನ ಪಗಾರಕ್ಕೆ ಅವರೇ ದುಡ್ಡು ಕೊಟ್ಟರು.

ಜಾಗ ಹುಡುಕುವಾಗ ಜನಜಂಗುಳಿಯ ಸರ್ಕಲ್ ಮಾತ್ರ ನೋಡಬೇಡಿ. ಅಲ್ಲಿ ಅಂಗಡಿ ಇರುತ್ತದೆ, ಬಾಟಲಿ ಸಿಗುತ್ತದೆ. ನೆಹರೂ ಗಂಜ್‌ನಲ್ಲಿ ಚೀಲ ಹೊರುವ ಹಮಾಲರು, ಕೂಲಿಗೆ ಕಾಯುತ್ತ ನಿಂತವರು, ಪೌರಕಾರ್ಮಿಕರು ಎಲ್ಲಿ ಕೂರುತ್ತಾರೆ ನೋಡಿ, ಅಲ್ಲಿಡಿ. ಮಾರ್ಚ್ ಮಧ್ಯದಿಂದ ಮಿರಗದ ಮಳೆವರೆಗೆ. ಜಾಗಕ್ಕೆ ಮಹಾನಗರ ಪಾಲಿಕೆಯ ಅನುಮತಿ ಬೇಕು. ಬಿಸಿಲಿಗೆ ಬಳಲಿ ಬಂದವರಿಗೆ ಕೊಡಲು ಓಆರ್‌ಎಸ್ ಪೊಟ್ಟಣ ಇರಲಿ. ಖಾಲಿ ಆದರೆ 1 ಲೀಟರ್ ಶುದ್ಧ ನೀರಿಗೆ ಮಟ್ಟಸ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಈ ಅಳತೆಯನ್ನು ಮಡಕೆಯ ಪಕ್ಕ ಬರೆದು ಅಂಟಿಸಿ. ಉಪ್ಪು ಹೆಚ್ಚಾದರೆ ಒಳ್ಳೆಯದಕ್ಕಿಂತ ಕೆಡುಕೇ ಜಾಸ್ತಿ.

ದುಡ್ಡು, ಕಾಗದ

ಕ್ಲಬ್‌ನ ವರ್ಷ ಜುಲೈಗೆ, ಆದಾಯ ತೆರಿಗೆಯ ವರ್ಷ ಏಪ್ರಿಲ್‌ಗೆ. ಖಜಾಂಚಿ ಮಾರ್ಚ್ 31ಕ್ಕೆ ಒಂದು ಲೆಕ್ಕ, ಜೂನ್ 30ಕ್ಕೆ ಒಂದು ಲೆಕ್ಕ ಇಡಲೇಬೇಕು. 80ಜಿ (ದೇಣಿಗೆಗೆ ತೆರಿಗೆ ವಿನಾಯಿತಿ ಕೊಡಿಸುವ ನೋಂದಣಿ) ಇರುವ ಟ್ರಸ್ಟ್ ಮೂಲಕ ದೇಣಿಗೆ ಪಡೆಯುವುದಾದರೆ ನಗದು 2,000 ರೂಪಾಯಿ ದಾಟಿದರೆ ದಾನಿಗೆ ತೆರಿಗೆ ವಿನಾಯಿತಿ ಇಲ್ಲ. ಚೆಕ್ ಅಥವಾ ಯುಪಿಐ ಕೇಳಿ. ಬ್ಯಾನರ್ ಬಟ್ಟೆಯದೇ ಇರಲಿ, ಪ್ಲಾಸ್ಟಿಕ್ ಫ್ಲೆಕ್ಸ್‌ಗೆ ರಾಜ್ಯದಲ್ಲಿ 2016ರಿಂದ ನಿಷೇಧ ಇದೆ. ತಾರೀಖು ಬರೆಸದಿದ್ದರೆ ಮುಂದಿನ ವರ್ಷಕ್ಕೂ ಆಗುತ್ತದೆ. ಶಾಲು, ಹಾರ, ನೆನಪಿನ ಕಾಣಿಕೆಯ ಖರ್ಚನ್ನು ಬೇರೆ ಪುಟದಲ್ಲಿ ಬರೆಯಿರಿ. ಬೇರೆ ಏನೂ ಮಾಡಬೇಕಾಗಿಲ್ಲ, ಆ ಪುಟವನ್ನು ತಿಂಗಳಿಗೊಮ್ಮೆ ಜೋರಾಗಿ ಓದಿದರೆ ಸಾಕು.

ಮೇ ತಿಂಗಳಲ್ಲೇ ಕೈ ಬದಲಾಯಿಸಿ

ಹೊಸ ಅಧ್ಯಕ್ಷರು ಜುಲೈನಲ್ಲಿ ಹೊಸ ಪಟ್ಟಿ ಬರೆಯುತ್ತಾರೆ. ಹಳೆಯ ಗಿಡ ಆಗಲೇ ಸಾಯುತ್ತದೆ. ಹೊಸಬರನ್ನು ಮೇ ತಿಂಗಳ ರಕ್ತದಾನ ಶಿಬಿರಕ್ಕೇ ಕರೆತನ್ನಿ. ಒಂದು ದಪ್ಪ ನೋಟ್‌ಬುಕ್ ಇಡಿ. ಯಾವ ಕಚೇರಿಯಲ್ಲಿ ಯಾವ ಟೇಬಲ್‌ಗೆ ಪತ್ರ ಕೊಡಬೇಕು, ಯಾವ ಹಾಲ್‌ನಲ್ಲಿ ಫ್ಯಾನ್ ಓಡುತ್ತದೆ, ಟ್ಯಾಂಕರ್‌ನವರು ಯಾರು ಹೇಳಿದ ಹೊತ್ತಿಗೆ ಬರುತ್ತಾರೆ, ಯಾವ ಅಜ್ಜಿಯ ಎರಡನೇ ಕಣ್ಣಿನ ಆಪರೇಷನ್ ಬಾಕಿ ಇದೆ. ಎಲ್ಲ ಅದರಲ್ಲಿ ಇರಲಿ. ನಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಈಗಲೂ ಒಂದೇ ಸಾಲು ಇದೆ, ನನ್ನದೇ ಅಕ್ಷರದಲ್ಲಿ: ‘ರಾಶಿ ಮುಗಿದಿದೆಯೋ ಇಲ್ಲವೋ, ಊರಿಗೆ ಫೋನ್ ಮಾಡಿ ಕೇಳಿ.’